ಗಾಡಿಗೆ ಔಷಧ ಕುಡಿಸುವ ಚಿಗವ್ವ

ನವನಗರದಲ್ಲಿ ಮಕ್ಕಳ ಮೂಗು ಹಿಡಿದು ಔಷಧ ಕುಡಿಸುವ ತಾಯಂದಿರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಮೋಟಾರ್‌ಸೈಕಲ್ಲಿಗೆ ಔಷಧ ಕುಡಿಸುವ ಹೆಂಗಸು ಮಾತ್ರ ಇಡೀ ಊರಿಗೆ ಒಬ್ಬಳೇ. ಅವಳು ನನ್ನ ಚಿಗವ್ವ, ನನ್ನ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಇದನ್ನು ನಾನು ದೂರಿನ ಧಾಟಿಯಲ್ಲಿ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಸಂಬಂಧಿಕರಲ್ಲಿ ಒಬ್ಬ ತಹಶೀಲ್ದಾರನಿದ್ದರೆ ಜನ ಆ ಮಾತನ್ನು ಬದನೆಕಾಯಿ ಕೊಳ್ಳುವಾಗಲೂ ತಂದು ತುರುಕುತ್ತಾರಲ್ಲವೆ? ನನ್ನ ಪಾಲಿಗೆ ತಹಶೀಲ್ದಾರರು ಬರಲಿಲ್ಲ, ಚಿಗವ್ವ ಬಂದಳು. ಆದ್ದರಿಂದ ನಾನು ತುರುಕುವುದನ್ನು ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಚಿಗವ್ವ ಸರಕಾರಿ ನರ್ಸ್ ಆಗಿದ್ದವಳು. ದವಾಖಾನೆಯಲ್ಲಿ ಫ್ಯಾನಿನ ಕೆಳಗೆ ಕೂರುವ ನರ್ಸ್ ಅಲ್ಲ, ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿ ತಿರುಗುವ ನರ್ಸ್. ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸಿನ ಸುತ್ತಮುತ್ತಲಿನ ಹಳ್ಳಿಗಳೆಲ್ಲ ಅವಳ ರಾಜ್ಯ. ಅವಳ ಮೊಪೆಡ್ಡಿನ ಸದ್ದು ಕೇಳಿದರೆ ಮಕ್ಕಳು ಕಾಳಿನ ಚೀಲಗಳ ಹಿಂದೆ, ಹೊರಸಿನ ಕೆಳಗೆ ಅಡಗುತ್ತಿದ್ದರಂತೆ. ಅವರನ್ನು ಹುಡುಕಿ ಎಳೆದು ತರುವುದರಲ್ಲಿ ಅವಳು ಪೊಲೀಸರಿಗಿಂತ ಪಳಗಿದ್ದಳು.

ಅವಳು ನಿವೃತ್ತಳಾದಾಗ ಕಾಕಾ, ಅಂದರೆ ಅವಳ ಗಂಡ, ಮನೆಯ ಮುಂದೆ ಒಂದು ಜೋಕಾಲಿ ಹಾಕಿಸಬೇಕೆಂದು ಕನಸು ಕಂಡಿದ್ದರು. ಕಾಕಾ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಮೈ ತುಂಬಿದವರು, ಮಾತು ಮೃದು, ಅಕ್ಷರ ಮುತ್ತು. ಇಬ್ಬರೂ ಜೋಕಾಲಿಯಲ್ಲಿ ಕೂತು ಚಹಾ ಕುಡಿಯುವುದು ಅವರ ಯೋಜನೆಯಾಗಿತ್ತು. ಒಂದು ಬೆಳಿಗ್ಗೆ ಹೊರಗೆ ಬಂದು ನೋಡುತ್ತಾರೆ, ಜೋಕಾಲಿಯ ಜಾಗದಲ್ಲಿ ಹೊಸ ಮೋಟಾರ್‌ಸೈಕಲ್ ನಿಂತಿದೆ.

“ಈ ವಯಸ್ಸಿನ್ಯಾಗ ಇಷ್ಟು ದೊಡ್ಡ ಗಾಡಿ ಯಾಕ ಬೇಕಾತು ನಿನಗ?” ಎಂದರು ಕಾಕಾ.

“ನನಗಾದ್ರ ಮೊಪೆಡ್ ಸಾಕಾಗಿತ್ತು. ನಿಮ್ಮನ್ನ ಹಿಂದ ಕುಂದರಿಸಿಕೊಂಡು ಏರು ಹತ್ತಬೇಕಲ್ರಿ,” ಎಂದಳು ಚಿಗವ್ವ.

ಕಾಕಾ ತಮ್ಮ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡು ಒಳಗೆ ಹೋದರು. ಅಲ್ಲಿಂದ ಇಲ್ಲಿಯವರೆಗೆ, ಇಳಕಲ್ ಸೀರೆಯ ಕಚ್ಚೆ ಬಿಗಿದು ಹೆಲ್ಮೆಟ್ ಹಾಕಿದ ಚಿಗವ್ವ ಮುಂದೆ, ಕೈಚೀಲ ಅಪ್ಪಿಕೊಂಡ ಕಾಕಾ ಹಿಂದೆ.

ಗಾಡಿಯ ಜೊತೆಗೆ ಒಂದು ಪುಸ್ತಕ ಕೊಡುತ್ತಾರೆ. ಅದನ್ನು ಯಾರಾದರೂ ಓದುತ್ತಾರೆಯೆ? ನಾನಂತೂ ನನ್ನ ಗಾಡಿಯ ಪುಸ್ತಕವನ್ನು ಕಪಾಟಿನ ಕಾಲಿಗೆ ಕೊಟ್ಟಿದ್ದೇನೆ. ಚಿಗವ್ವ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಮದುವೆಗೆ ಮುಂಚೆ ತಾವು ಬರೆದ ಪತ್ರಗಳನ್ನೂ ಅವಳು ಅಷ್ಟು ಗಮನವಿಟ್ಟು ಓದಿರಲಿಲ್ಲ ಎಂಬುದು ಕಾಕಾನ ಇಂದಿಗೂ ಆರದ ಕೊರಗು. ಓದುತ್ತ ಓದುತ್ತ ಒಂದು ಪುಟದಲ್ಲಿ ಅವಳ ಬೆರಳು ನಿಂತಿತು.

“ಇಲ್ಲಿ ಕೇಳ್ರಿ. ಇದರಾಗ ಇಂಜೆಕ್ಟರ್ ಅಂತ ಐತಿ. ಇಂಜೆಕ್ಟರ್ ಅಂದ್ರ ಇಂಜೆಕ್ಷನ್ ಮಾಡೂದು. ಹಂಗಾದ್ರ ಇದು ನನ್ನ ಇಲಾಖೆ.”

ಹಳೆಯ ಗಾಡಿಗಳಲ್ಲಿ ಕಾರ್ಬುರೇಟರ್ ಇರುತ್ತಿತ್ತು. ಈಗಿನವುಗಳಲ್ಲಿ ಇಂಜೆಕ್ಟರ್ ಎಂಬ ಸಣ್ಣ ಭಾಗ ಕೂದಲೆಳೆಯಂಥ ತೂತುಗಳಿಂದ ಪೆಟ್ರೋಲನ್ನು ಮಂಜಿನ ಹಾಗೆ ಇಂಜಿನ್ನಿಗೆ ಸಿಂಪಡಿಸುತ್ತದೆ. ಪೆಟ್ರೋಲಿನ ಜಿಡ್ಡು ಆ ತೂತುಗಳಿಗೆ ಮೆತ್ತಿಕೊಂಡರೆ ಮಂಜು ಹೋಗಿ ಹನಿಯಾಗುತ್ತದೆ, ಗಾಡಿ ಜಗ್ಗುತ್ತದೆ, ಬೆಳಿಗ್ಗೆ ಏಳಲು ಹಟ ಮಾಡುತ್ತದೆ. ಜಿಡ್ಡು ಕೂರದಂತೆ ಆಗಾಗ ಪೆಟ್ರೋಲಿಗೆ ಬೆರೆಸುವ ಒಂದು ದ್ರವ ಸಣ್ಣ ಬಾಟಲಿಗಳಲ್ಲಿ ಸಿಗುತ್ತದೆ. ನಾವು ನೀವು ಅದನ್ನು ಇಂಜೆಕ್ಟರ್ ಕ್ಲೀನರ್ ಎನ್ನುತ್ತೇವೆ. ಚಿಗವ್ವನ ಬಾಯಲ್ಲಿ ಅದು ಔಷಧ, ಇಂಜೆಕ್ಟರ್ ಸೂಜಿ. ಗಾಡಿ? ಕೇಳುವುದೇ ಬೇಡ, ಪೇಷಂಟ್.

ಔಷಧ ಕುಡಿಸುವ ಕಾರ್ಯಕ್ರಮ ನಡೆಯುವುದು ಪೆಟ್ರೋಲ್ ಬಂಕಿನಲ್ಲಿ. ಚಿಗವ್ವ ಆಜ್ಞೆ ಕೊಡುತ್ತಾಳೆ, ಕಾಕಾ ಕೆಮ್ಮಿನ ಔಷಧದ ಹಳೇ ಅಳತೆಯ ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಸುರಿಯುತ್ತಾರೆ. ನಾನು ಮೊದಲ ಸಲ ಜೊತೆಗೆ ಹೋದಾಗ ಹಿಂದೆ ದೊಡ್ಡ ಸಾಲು ನಿಂತಿತ್ತು.

“ಲಗೂ ಮಾಡ್ರಿ ಅಕ್ಕಾರ, ಮಂದಿ ಕಾಯಾಕತ್ತಾರ,” ಎಂದ ಪೆಟ್ರೋಲ್ ಹಾಕುವವನು.

“ಕಾಯಲಿ. ಮೊದಲ ಔಷಧ, ಆಮ್ಯಾಲೆ ಊಟ. ಖಾಲಿ ಹೊಟ್ಟ್ಯಾಗ ಹಾಕಿದ್ರ ಮ್ಯಾಲಿಂದ ಪೆಟ್ರೋಲ್ ಬಿದ್ದಾಗ ಛಲೋತ್ನಂಗ ಬೆರೀತೈತಿ.”

ಸಾಲಿನ ಹಿಂದಿನಿಂದ ಒಬ್ಬ, “ಏನ್ ಅಜ್ಜಿ, ಜೇನುತುಪ್ಪ ನೆಕ್ಕಸಾಕತ್ತೀರೇನು?” ಎಂದು ನಕ್ಕ.

ಚಿಗವ್ವ ತಿರುಗಿ ಅವನನ್ನು ನೋಡಲಿಲ್ಲ, ಅವನ ಗಾಡಿಯ ಹೊಗೆಯನ್ನು ನೋಡಿದಳು. “ನಗಬ್ಯಾಡ ತಮ್ಮಾ. ನಿನ್ನ ಪೇಷಂಟ್ ನನ್ನ ಪೇಷಂಟಿಗಿಂತ ಸೀರಿಯಸ್ ಐತಿ.”

ಬಂಕಿನವರೆಲ್ಲ ನಕ್ಕರು. ಅವನು ಮಾತ್ರ ತನ್ನ ಸರದಿ ಬರುವತನಕ ಬಗ್ಗಿ ಬಗ್ಗಿ ಹೊಗೆ ನೋಡಿಕೊಳ್ಳುತ್ತಿದ್ದ.

ಹೊರಗಿನ ಪೇಷಂಟ್‌ಗಳಲ್ಲಿ ಮೊದಲನೆಯದು ನನ್ನದೇ ಗಾಡಿ. ನಾನು ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಗಾಡಿಯನ್ನು ನಿಲ್ಲಿಸಿ ಬಿಟ್ಟಿದ್ದೆ. ಜೂನಿನಲ್ಲಿ ಎಬ್ಬಿಸಿದರೆ ಅದು ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿಗಳ ಹಾಗೆ ಎದ್ದು ಮತ್ತೆ ಮಲಗುತ್ತಿತ್ತು. ಹೇಗೋ ಜಗ್ಗುತ್ತ ಜಗ್ಗುತ್ತ ನವನಗರಕ್ಕೆ ತಂದೆ. ಚಿಗವ್ವ ಅಂಗಳದಲ್ಲಿ ನಿಂತು, ಕೂಸಿನ ಜ್ವರ ನೋಡುವಂತೆ ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿದಳು. ಪಕ್ಕದಲ್ಲಿ ಕಾಕಾ ನೋಟ್‌ಬುಕ್ ಹಿಡಿದು ಕೇಸ್ ಪೇಪರ್ ತುಂಬುತ್ತಿದ್ದರು. ಗಾಡಿಯ ನಂಬರ್ ಬರೆದರು, ವಯಸ್ಸು ಬರೆದರು, ಆಮೇಲೆ ಪೆನ್ನು ನಿಂತಿತು.

“ಲಿಂಗ ಏನಂತ ಬರೀಲಿ?”

“ನಪುಂಸಕಲಿಂಗ ಅಂತ ಬರೀರಿ. ಅಷ್ಟು ವರ್ಷ ವ್ಯಾಕರಣ ಕಲಿಸೀರಿ, ಇದನ್ನೂ ನಾ ಹೇಳಬೇಕೇನು?” ಎಂದ ಚಿಗವ್ವ ನನ್ನ ಕಡೆ ತಿರುಗಿದಳು. “ಇದರ ಊಟ ಎಲ್ಲಿ?”

“ಬಂಕಿನ್ಯಾಗ. ಒಮ್ಮೊಮ್ಮೆ ಓಣಿ ಅಂಗಡಿಯಾಗ ಬಾಟಲಿ ಪೆಟ್ರೋಲ್ ತಗೋತೇನಿ.”

“ಬಿಸಲಾಗ ಇಟ್ಟ ಬಾಟಲಿದು? ಮ್ಯಾಲೆ ಎರಡು ತಿಂಗಳು ಹೊಟ್ಟ್ಯಾಗ ಹಂಗ ಇಟ್ಟಿ? ಕೆಮ್ಮು ಬರದ ಏನು ಬರತೈತಿ ಅದಕ್ಕ?” ಎಂದು ನನ್ನನ್ನು ಬೈದು, ಗಾಡಿಯ ಕಡೆ ಕರುಣೆಯಿಂದ ನೋಡಿದಳು. ಹಳಸಿದ ಪೆಟ್ರೋಲನ್ನು ತೆಗೆಸಿ, ಅಳತೆಯಂತೆ ಔಷಧ ಹಾಕಿಸಿ, ಹೊಸ ಪೆಟ್ರೋಲ್ ತುಂಬಿಸಿದಳು. ಎಲ್ಲಿಯೂ ನಿಲ್ಲಿಸದೆ ಕಲಾದಗಿಯವರೆಗೆ ಓಡಿಸಿಕೊಂಡು ಬರಬೇಕೆಂದು ಆಜ್ಞೆಯಾಯಿತು. ನಾನು ಹೋದೆ, ಚಿಕ್ಕು ಕೊಳ್ಳಲು ನಿಲ್ಲಿಸಿದೆ, ಅದನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಎರಡನೇ ಟ್ಯಾಂಕ್ ಮುಗಿಯುವಷ್ಟರಲ್ಲಿ ಗಾಡಿಯ ಜಗ್ಗಾಟ ನಿಂತುಹೋಯಿತು. ಬೆಳಿಗ್ಗೆ ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ಏಳತೊಡಗಿತು.

ಇದನ್ನು ಕಾಲೇಜಿನಲ್ಲಿ ಹೇಳಿದ್ದೇ ತಪ್ಪಾಯಿತು. ಭಾನುವಾರ ಬಂತೆಂದರೆ ನನ್ನ ಸಹೋದ್ಯೋಗಿಗಳ ಗಾಡಿಗಳು ನವನಗರದ ಅಂಗಳದಲ್ಲಿ ಸಾಲುಗಟ್ಟಿದವು. ಗಣಿತದ ಮೇಷ್ಟ್ರು ಒಬ್ಬರು ತಮ್ಮ ಗಾಡಿಯ ಹಾರ್ನ್ ಸರಿಯಿಲ್ಲವೆಂದು ಔಷಧ ಕೇಳಲು ಬಂದಿದ್ದರು. “ಅದು ಗಂಟಲಿನ ಡಾಕ್ಟರ್ ಹಂತೇಕ ಹೋಗಬೇಕ್ರಿ ಸರ್,” ಎಂದು ಚಿಗವ್ವ ಅವರನ್ನು ಸಾಗಹಾಕಿದಳು.

ಎಲ್ಲ ಸಲವೂ ಚಿಗವ್ವನೇ ಗೆದ್ದಳು ಎಂದರೆ ನೀವು ನಂಬುವುದಿಲ್ಲ. ನಂಬಲೂ ಬಾರದು. ಅವಳ ತಮ್ಮ, ಅಂದರೆ ನನ್ನ ಮಾವ, ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಾನೆ. ಗಂಟು ಕಟ್ಟಿಕೊಂಡು ಗಾಡಿಯ ಮೇಲೆ ಬಾದಾಮಿ, ನರಗುಂದದ ಅಂಗಡಿಗಳಿಗೆ ಸೀರೆ ಮುಟ್ಟಿಸುತ್ತಾನೆ. ಅವನ ಗಾಡಿಗೆ ಏರಿನಲ್ಲಿ ದಮ್ಮು ಹತ್ತುತ್ತಿತ್ತು. ಚಿಗವ್ವ ಫೋನಿನಲ್ಲೇ ಸದ್ದು ಕೇಳಿ ಔಷಧ ಹೇಳಿದಳು. ಗುಣವಾಗಲಿಲ್ಲ. ಇನ್ನೊಮ್ಮೆ ಹೇಳಿದಳು. ಮೂರನೆಯ ಬಾಟಲಿಯೂ ಮುಗಿಯಿತು. ಒಂದು ದಿನ ಕುಳಗೇರಿ ಕ್ರಾಸಿಗೆ ಬಂದಾಗ ಗಾಡಿ ಸೀರೆಗಳ ಸಮೇತ ನಿಂತೇಬಿಟ್ಟಿತು.

ಅಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾನೆ. ಚಿಗವ್ವನ ಮೊಪೆಡ್ಡನ್ನು ಅಷ್ಟು ವರ್ಷ ಬದುಕಿಸಿದವನು ಅವನೇ. ಇಂಜಿನ್ನು ಉಸಿರೆಳೆದುಕೊಳ್ಳುವ ಗಾಳಿಡಬ್ಬಿಯನ್ನು ಅವನು ಮಾವನ ಗಾಡಿಯಿಂದ ಬಿಚ್ಚಿ ನೋಡಿದರೆ ಒಳಗೆ ಇಲಿಯೊಂದು ಸೀರೆಗಂಟಿನ ದಾರ ಕದ್ದು ಗೂಡು ಕಟ್ಟಿತ್ತು. ಅಪ್ಪಟ ಇಳಕಲ್ ರೇಷ್ಮೆಯ ಹಾಸಿಗೆಯ ಮೇಲೆ ನಾಲ್ಕು ಮರಿಗಳು ಮಲಗಿದ್ದವು. ಮಿಸ್ತ್ರಿ ಕೂಡಲೇ ಚಿಗವ್ವನಿಗೆ ಫೋನ್ ಮಾಡಿದ.

“ಅಕ್ಕಾರ, ನೀವು ಸೂಜಿಗೆ ಔಷಧ ಕೊಟ್ರಿ. ಇದಕ್ಕ ಕಟ್ಟಿದ್ದು ಮೂಗು. ಮೂಗಿನ್ಯಾಗ ಬಾಣಂತನ ನಡದೈತಿ, ಬಂದು ನೋಡಿಕೊಂಡು ಹೋಗ್ರಿ.”

ಚಿಗವ್ವ ನಗಲಿಲ್ಲ. ಮರುದಿನ ಬೆಳಿಗ್ಗೆಯೇ ಕಾಕಾನನ್ನು ಕೂರಿಸಿಕೊಂಡು ಇಳಕಲ್ಲಿಗೆ ಹೋಗಿ, ತಮ್ಮನ ಎದುರು ನಿಂತು, “ತಪ್ಪು ನಂದು. ಕಣ್ಣಿಲೆ ನೋಡದ ಔಷಧ ಕೊಟ್ಟೆ,” ಎಂದಳು. ಮಾವ ಗಾಬರಿಯಾದ. ಹುಟ್ಟಿದಾಗಿನಿಂದ ಅಕ್ಕ ತಪ್ಪೊಪ್ಪಿಕೊಂಡದ್ದನ್ನು ಅವನು ನೋಡಿರಲಿಲ್ಲ. ಅವಳಿಗೆ ಏನೋ ದೊಡ್ಡ ಕಾಯಿಲೆಯೇ ಬಂದಿರಬೇಕೆಂದು ನನಗೆ ಫೋನ್ ಮಾಡಿ ವಿಚಾರಿಸಿದ. ಆ ಸಂಜೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಾಕಾ ಅವಳ ಅಪ್ಪಣೆಯಂತೆ ದಪ್ಪ ಅಕ್ಷರದಲ್ಲಿ ಬರೆದರು: ಮೊದಲು ಮೂಗು ನೋಡುವುದು.

ಮಿಸ್ತ್ರಿಯ ಜೊತೆಗಿನ ವಾದ ಮಾತ್ರ ಬಾಕಿ ಉಳಿದಿತ್ತು. ಮುಂದಿನ ವಾರ ನಾವು ಆ ಕಡೆ ಹೋದಾಗ ಅವನೇ ಶುರು ಮಾಡಿದ.

“ಈ ಬಾಟಲಿ ಔಷಧ ಎಲ್ಲಾ ಸುಳ್ಳರಿ ಅಕ್ಕಾರ. ಇಂಜೆಕ್ಟರ್ ಕಟ್ಟಿತಂದ್ರ ಬಿಚ್ಚಿ, ಮಷಿನ್ನಿಗೆ ಹಚ್ಚಿ ತೊಳೀಬೇಕು.”

“ಕಟ್ಟಿದ ಮ್ಯಾಲೆ ನಿಮ್ಮ ಹಂತೇಕನ ತರಬೇಕು, ನಾ ಇಲ್ಲ ಅನ್ನೂದಿಲ್ಲ. ಕಟ್ಟಬಾರದು ಅಂತ ನಾ ಹಾಕೂದು. ಲಸಿಕಿ ರೋಗ ಬಂದ ಮ್ಯಾಲೆ ಹಾಕ್ತಾರೇನು?”

“ಕೆಲಸ ಮಾಡೇತಿ ಅಂತ ಹೆಂಗ ಗೊತ್ತಾಗಬೇಕು?”

“ಏನೂ ಆಗೂದಿಲ್ಲಲ್ಲ, ಅದ ಗೊತ್ತಾಗೂದು.”

ಮಿಸ್ತ್ರಿ ನಟ್ಟು ಬಿಚ್ಚುವ ಪಾನಾದಿಂದ ತಲೆ ಕೆರೆದುಕೊಂಡ. ನಾನು ಇತಿಹಾಸ ಓದಿಕೊಂಡವನು. ನಡೆದದ್ದಕ್ಕೆ ದಾಖಲೆ ಇರುತ್ತದೆ, ನಡೆಯದೆ ಹೋದ ಅನಾಹುತಕ್ಕೆ ದಾಖಲೆ ಎಲ್ಲಿಂದ ತರುವುದು? ಅಷ್ಟು ವರ್ಷ ಚಿಗವ್ವ ಮಾಡಿದ ನೌಕರಿಯೇ ಅಂಥದ್ದು ಎಂದು ನನಗೆ ಅವತ್ತು ಹೊಳೆಯಿತು.

ಈ ವರ್ಷ ಮಾರ್ಚಿನ ಒಂದು ಗುರುವಾರ ನಾವು ಕುಳಗೇರಿ ಕ್ರಾಸಿನ ಆಚೆಯ ಹಳ್ಳಿಯೊಂದಕ್ಕೆ ಸಂಬಂಧಿಕರ ಮನೆಯ ಬಸುರಿಯೊಬ್ಬಳ ಕುಬಸಕ್ಕೆ ಹೊರಟಿದ್ದೆವು. ಚಿಗವ್ವ ಕಾಕಾ ಒಂದು ಗಾಡಿಯಲ್ಲಿ, ನಾನು ಹಿಂದೆ ನನ್ನದರಲ್ಲಿ. ಕಾಕಾನ ತೊಡೆಯ ಮೇಲೆ ಶೇಂಗಾ ಹೋಳಿಗೆಯ ದೊಡ್ಡ ಡಬ್ಬಿ. ಕ್ರಾಸು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ರಸ್ತೆಯ ಪಕ್ಕದಲ್ಲಿ ಒಬ್ಬ ಹುಡುಗಿ ನಿಂತ ಗಾಡಿಯ ಬಳಿ ಒದ್ದಾಡುತ್ತಿದ್ದಳು. ಹೆಗಲಿಗೆ ನೀಲಿ ಬಣ್ಣದ ಲಸಿಕೆಯ ಡಬ್ಬಿ. ಚಿಗವ್ವನ ಜಾಗಕ್ಕೆ ಬಂದ ಹೊಸ ನರ್ಸ್ ಅವಳು. ಚಿಗವ್ವನನ್ನು ನೋಡಿದ್ದೇ ಅವಳ ಕಣ್ಣು ತುಂಬಿ ಬಂತು.

“ಹತ್ತು ಗಂಟೆಗೆ ತಾಯಂದ್ರನ್ನ ಕರದೀನ್ರಿ ಅಕ್ಕಾರ. ಬಸ್ಸು ಮಧ್ಯಾಹ್ನ ಐತಿ. ಕುರಿಯವರು ಊರ ಹೊರಗ ಇಳದಾರ, ಅವರ ಹಂತೇಕ ನಾಲ್ಕು ಕೂಸು ಅದಾವು. ನಾಳೆ ಕುರಿ ಹೊಡಕೊಂಡು ಹೊಂಟುಬಿಡ್ತಾರ. ಇವತ್ತ ತಪ್ಪಿದ್ರ ಆ ಕೂಸುಗಳನ್ನ ನಾ ಎಲ್ಲಿ ಹುಡುಕಲಿ?”

ಬೀರಪ್ಪನ ಒಕ್ಕಲಿನ ಆ ಕುರಿಗಾರರು ಒಂದೂರಿನಲ್ಲಿ ಎರಡು ದಿನ ನಿಂತರೆ ಹೆಚ್ಚು. ಲಸಿಕೆಯ ಡಬ್ಬಿಯೊಳಗಿನ ಮಂಜುಗಡ್ಡೆಯೂ ಬಿಸಿಲಿಗೆ ಎಷ್ಟು ಹೊತ್ತು ನಿಂತೀತು? ಹುಡುಗಿ ಇನ್ನೊಂದು ಮಾತು ಸೇರಿಸಿದಳು. “ನೀವು ಹೇಳಿದಂಗ ತಪ್ಪದ ಔಷಧ ಹಾಕೀನ್ರಿ. ಆದ್ರೂ ನಿಂತೈತಿ.”

ನಾನು ಚಿಗವ್ವನ ಮುಖ ನೋಡಿದೆ. ಒಂದು ಕ್ಷಣ ಆ ಮುಖ ಬಾಡಿತು. ಒಂದೇ ಕ್ಷಣ.

“ಔಷಧದ್ದು ಆಮ್ಯಾಲೆ ನೋಡೂಣು. ಡಬ್ಬಿ ಗಟ್ಟಿ ಹಿಡಕೊಂಡು ಹಿಂದ ಹತ್ತವ್ವ. ಏನ್ರಿ, ನೀವು ಇಳೀರಿ.”

ನನ್ನ ಗಾಡಿ ಅಲ್ಲೇ ನಿಂತಿತ್ತು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಲಸಿಕೆ ಹಾಕಬೇಕಿದ್ದ ಹಳ್ಳಿಗೆ ಹೋಗುವ ಅಡ್ಡದಾರಿಯ ಒಂದೊಂದು ಕುಣಿಯೂ ಅವಳಿಗೆ ಗೊತ್ತು. ನನಗೆ ಬಿಟ್ಟರೆ ಡಬ್ಬಿ ತಲುಪುತ್ತಿತ್ತು, ಒಳಗಿನದು ತಲುಪುತ್ತಿರಲಿಲ್ಲ. ಕಾಕಾ ಹೋಳಿಗೆಯ ಸಮೇತ ಇಳಿಯುವಷ್ಟರಲ್ಲಿ ಗಾಡಿ ಹೊರಟಿತ್ತು. ಇಳಕಲ್ ಸೆರಗಿನ ಕೆಂಪು ಮೊದಲ ತಿರುವಿನಲ್ಲಿ ಒಮ್ಮೆ ಕಂಡು ಮರೆಯಾಯಿತು.

“ಇಷ್ಟು ವರ್ಷ ಸಂಸಾರ ಮಾಡೀನಿ. ಒಂದ ಮಾತಿಗೆ ಇಳಿಸಿ ಹೋದ್ಲು ನೋಡು,” ಎಂದರು ಕಾಕಾ. ಬಾಯಿ ದೂರುತ್ತಿತ್ತು, ಮುಖವೆಲ್ಲ ಹಿಗ್ಗಿತ್ತು.

ಕೆಟ್ಟ ಗಾಡಿಯನ್ನು ನಾನು ತಳ್ಳುತ್ತ, ಕಾಕಾ ಡಬ್ಬಿ ಹೊತ್ತು ನಡೆಯುತ್ತ ಕ್ರಾಸು ಮುಟ್ಟಿದೆವು. ನನ್ನ ಗಾಡಿಯನ್ನು ಆಮೇಲೆ ಹೋಗಿ ತಂದೆ. ಮಿಸ್ತ್ರಿ ಕೈ ಹಚ್ಚುವ ಮುಂಚೆಯೇ ಕಾಕಾ ಗಂಭೀರವಾಗಿ, “ಮೊದಲ ಮೂಗು ನೋಡ್ರಿ,” ಎಂದರು. ಮೂಗು ಸ್ವಚ್ಛವಾಗಿತ್ತು. ಮಿಸ್ತ್ರಿ ಇಂಜೆಕ್ಟರನ್ನು ಬಿಚ್ಚಿ, ತಂತಿ ಜೋಡಿಸಿ, ಪಿಚಕಾರಿಯ ಹಾಗೆ ಹಾರಿಸಿ ನೋಡಿದ. ಮತ್ತೊಮ್ಮೆ ಹಾರಿಸಿದ. ಬೆಳಕಿಗೆ ಹಿಡಿದು ಕಣ್ಣು ಕಿರಿದಾಗಿಸಿದ. ನಾವಿಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತಿದ್ದೆವು. ತಡೆಯಲಾರದೆ ಕಾಕಾ ಡಬ್ಬಿಯ ಮುಚ್ಚಳ ತೆಗೆದು ಒಂದು ಹೋಳಿಗೆ ಬಾಯಿಗಿಟ್ಟುಕೊಂಡರು.

“ಸೂಜಿ ಹೊಸದರಂಗ ಐತ್ರಿ ಮಾಸ್ತರ. ಮಂಜು ಬಿದ್ದಂಗ ಬೀಳಾಕತ್ತೈತಿ,” ಎಂದ ಮಿಸ್ತ್ರಿ ನಿಧಾನವಾಗಿ. “ಟ್ಯಾಂಕಿನ್ಯಾಗಿನ ಪೆಟ್ರೋಲ್ ಪಂಪಿಗೆ ಹೋಗೂ ವೈರ್ ಕಡದೈತಿ, ಅಷ್ಟ.”

ವೈರು ಜೋಡಿಸಿದ, ಗಾಡಿ ಎದ್ದಿತು. ಕಾಕಾ ಕೊಟ್ಟ ಹೋಳಿಗೆ ತಿನ್ನುತ್ತ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಅಕ್ಕಾರಿಗೆ ಒಂದು ಬಾಟಲಿ ನನಗೂ ತರಾಕ ಹೇಳ್ರಿ. ಮಂದಿ ಮುಂದ ಕೊಡೂದು ಬ್ಯಾಡ.”

ಆ ಸುದ್ದಿ ಹೊತ್ತು, ನನ್ನ ಗಾಡಿಯನ್ನು ಮಿಸ್ತ್ರಿಯ ಹತ್ತಿರವೇ ಬಿಟ್ಟು, ಹುಡುಗಿಯ ಗಾಡಿಯಲ್ಲಿ ಕಾಕಾನನ್ನು ಹಿಂದೆ ಕೂರಿಸಿಕೊಂಡು ನಾನು ಆ ಹಳ್ಳಿಗೆ ಹೋದೆ. ಅಂಗನವಾಡಿಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಹೊಸ ನರ್ಸ್ ಸೂಜಿ ಹಾಕುತ್ತಿದ್ದಳು. ಚಿಗವ್ವ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಒಂದಾದ ಮೇಲೆ ಒಂದು ಕೂಸನ್ನು ತೊಡೆಯ ಮೇಲೆ ಹಿಡಿದುಕೊಳ್ಳುತ್ತಿದ್ದಳು. ಕುರಿಗಾರರ ಮೂರು ಕೂಸುಗಳಿಗೆ ಆಗಿತ್ತು. ನಾಲ್ಕನೆಯದರ ತಾಯಿ, ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ತನ್ನ ತೋಳಿನ ಮೇಲಿನ ಹಳೆಯ ಕಲೆ ತೋರಿಸಿದಳು.

“ನನ್ನ ತವರು ಇದ ಊರರಿ ಅಕ್ಕಾರ. ಇದು ನೀವು ಹಾಕಿದ್ದಂತ, ನಮ್ಮವ್ವ ಹೇಳತಿದ್ಲು. ನನ್ನ ಕೂಸಿಗೂ ನೀವ ಹಾಕ್ರಿ.”

ಹೊಸ ನರ್ಸ್ ಎದ್ದು ಜಾಗ ಬಿಟ್ಟುಕೊಟ್ಟಳು. “ಹಾಕ್ರಿ ಅಕ್ಕಾರ. ಒಂದ.”

“ಬ್ಯಾಡವ್ವ. ಈಗ ನಿನ್ನ ಕೈ ಛಲೋ ಐತಿ. ನಾ ಹಿಡಕೊಂತೇನಿ,” ಎಂದು ಚಿಗವ್ವ ಕೂಸನ್ನು ಎದೆಗೆ ಒರಗಿಸಿಕೊಂಡಳು. ಅದು ಚೀರಿತು, ಅವಳ ಭುಜಕ್ಕೆ ಮುಖ ಒತ್ತಿ ಸುಮ್ಮನಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಮಿಸ್ತ್ರಿಯ ಮಾತನ್ನೆಲ್ಲ ಹೇಳಿದೆ. ಅವಳು ಕುಣಿಯುತ್ತಾಳೆಂದುಕೊಂಡಿದ್ದೆ, ಸುಮ್ಮನೆ ತಲೆಯಾಡಿಸಿದಳು.

“ಆ ತಾಯಿ ಅಷ್ಟು ಆಸೆ ಮಾಡಿ ಕೇಳಿದ್ಲು. ಒಂದು ಹಾಕಬೇಕಿಲ್ಲ ಚಿಗವ್ವಾ?” ಎಂದೆ.

ಚಿಗವ್ವ ತನ್ನ ಬಲಗೈಯನ್ನು ನನ್ನ ಮುಂದೆ ಚಾಚಿದಳು. ಏನು ತೋರಿಸುತ್ತಿದ್ದಾಳೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಕಂಡಿತು. ಬೆರಳುಗಳ ತುದಿ ಸಣ್ಣಗೆ ನಡುಗುತ್ತಿತ್ತು.

“ಹ್ಯಾಂಡಲ್ ಹಿಡಿದ್ರ ನಿಲ್ಲತೈತಿ. ಡಾಕ್ಟರೂ ಗಾಡಿ ಹೊಡೀರಿ, ಏನಾಗೂದಿಲ್ಲ ಅಂದಾರ. ಸಣ್ಣದು ಏನರೆ ಹಿಡಿದ್ರ ಮಾತ್ರ ಹಿಂಗ. ಯಾರೂ ಬಿಡು ಅನ್ನಲಿಲ್ಲ ನನಗ. ಇನ್ನೂ ಎರಡು ವರ್ಷ ನೌಕರಿ ಇತ್ತು, ನಾನ ಬಿಟ್ಟೆ.” ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಕೂಸಿನ ತೊಡಿ ಎಷ್ಟು ಇರತೈತಿ ಹೇಳು ತಮ್ಮಾ.”

ಅಷ್ಟರಲ್ಲಿ ಕಾಕಾ ಹೆಲ್ಮೆಟ್ ಹಿಡಿದುಕೊಂಡು ಬಂದರು. ಅದನ್ನು ಅವಳ ತಲೆಗೆ ಇಟ್ಟು, ಗದ್ದದ ಕೆಳಗಿನ ಪಟ್ಟಿಯನ್ನು ತಮ್ಮ ದಪ್ಪ ಬೆರಳುಗಳಿಂದ ನಿಧಾನವಾಗಿ ಸಿಕ್ಕಿಸಿದರು. ಟಕ್ಕೆಂದು ಸದ್ದಾಯಿತು. ಚಿಗವ್ವ ಗದ್ದ ಎತ್ತಿ ಹಿಡಿದು ಕಾದು ನಿಂತಿದ್ದಳು, ದಿನಾ ಹಾಗೆಯೇ ನಿಲ್ಲುವವಳಂತೆ.

“ನಡಿ,” ಎಂದು ಕಾಕಾ ಹಿಂದೆ ಹತ್ತಿ, ಅವಳ ಭುಜದ ಮೇಲೆ ಕೈಯಿಟ್ಟು ಕೂತರು.